ತಮ್ಮ ಬ್ಲೂ ಹೋಲ್‌ಗೆ ಹೊರಟಿದ್ದಾನೆ, ಅಮ್ಮನಿಗೆ ಏನಂತ ಹೇಳಲಿ?

ಪ್ರಶ್ನೆ: ನನ್ನ ತಮ್ಮ ಫ್ಲೋರಿಡಾದಲ್ಲಿ ಕೆಲಸದಲ್ಲಿದ್ದಾನೆ. ಅಲ್ಲಿಗೆ ಹೋದಮೇಲೆ ಫ್ರೀಡೈವಿಂಗ್ ಹುಚ್ಚು ಹತ್ತಿದೆ. ಸಿಲಿಂಡರ್ ಇಲ್ಲದೆ, ಒಂದೇ ಉಸಿರಿನಲ್ಲಿ ಮುಳುಗಿ ಬರುವುದು. ಈಗ 25 ಮೀಟರ್ ಹೋಗುತ್ತಾನಂತೆ. ಮುಂದಿನ ರಜೆಗೆ ಬಹಾಮಾಸ್‌ನ ಡೀನ್ಸ್ ಬ್ಲೂ ಹೋಲ್ ಅನ್ನುವ ಸಮುದ್ರದ ಕುಳಿಯಲ್ಲಿ ತರಬೇತಿ ಅಂತ ಹೇಳುತ್ತಿದ್ದಾನೆ. ಅವನು ಕಳಿಸಿದ ವಿಡಿಯೊದಲ್ಲಿ ಒಬ್ಬ ನೀರೊಳಗೆ ಮರಳಿನ ಮೇಲೆ ನಡೆದು ಬಂದು ಕಪ್ಪು ಕುಳಿಯೊಳಗೆ ಹಾರುತ್ತಾನೆ. ನೋಡಿ ನನಗೆ ಎದೆ ಝಲ್ಲೆಂದಿತು. ಆ ಕುಳಿಗೆ ತಳ ಇದೆಯಾ? ಅದು ಮನುಷ್ಯರನ್ನು ಒಳಗೆ ಎಳೆದುಕೊಳ್ಳುತ್ತದೆ ಅಂತಾರೆ, ನಿಜವಾ? ಇಷ್ಟು ದೊಡ್ಡ ಸಮುದ್ರ ಇರುವಾಗ ಇವರಿಗೆಲ್ಲ ಆ ಗುಂಡಿಯೇ ಯಾಕೆ ಬೇಕು? ಅಮ್ಮನಿಗೆ ಇನ್ನೂ ಹೇಳಿಲ್ಲ. ಜೊತೆಗೆ ನಾನೂ ಹೋಗಲಾ ಅಂತ ಯೋಚಿಸುತ್ತಿದ್ದೇನೆ. ನನಗೆ ಈಜು ಬರಲ್ಲ. (ಓದುಗರೊಬ್ಬರು, ಶಿವಮೊಗ್ಗ)

ಉತ್ತರ: ಮೊದಲು ಆ ವಿಡಿಯೊ ವಿಷಯ ಮುಗಿಸಿಬಿಡೋಣ. ನೀವು ಹೇಳಿದ್ದು ನೋಡಿದರೆ ಅದು ಫ್ರಾನ್ಸಿನ ಫ್ರೀಡೈವರ್ ಗಿಯೋಮ್ ನೆರಿ ಅವರದು, 2010ರಲ್ಲಿ ಬಂದದ್ದು. ಜಾಗ ಡೀನ್ಸ್ ಬ್ಲೂ ಹೋಲ್ ಹೌದು. ಹಾರಿದವರು ನಿಜವಾಗಿಯೂ ಘಟಾನುಘಟಿ ಡೈವರ್. ಕ್ಯಾಮೆರಾ ಹಿಡಿದ ಜೂಲಿ ಗೋತಿಯೆ ಕೂಡ ಉಸಿರು ಕಟ್ಟಿಕೊಂಡೇ ಚಿತ್ರೀಕರಿಸಿದರು. ಆದರೆ ಅದು ಒಂದೇ ಉಸಿರಿನಲ್ಲಿ ತಳ ಮುಟ್ಟಿ ಬಂದ ದಾಖಲೆಯಲ್ಲ. ತುಣುಕು ತುಣುಕಾಗಿ ತೆಗೆದು ಜೋಡಿಸಿದ ಸಿನಿಮಾ. ಹಗ್ಗ ಇಲ್ಲದೆ ಹಾಗೆ ಕತ್ತಲೊಳಗೆ ಹಾರುವುದನ್ನು ಯಾವ ತರಬೇತಿಯಲ್ಲೂ ಕಲಿಸುವುದಿಲ್ಲ. ನಿಮ್ಮ ತಮ್ಮ ಅಲ್ಲಿ ಮಾಡಲಿರುವುದು ಅದಕ್ಕಿಂತ ತುಂಬಾ ಸಪ್ಪೆಯಾದ ಕೆಲಸ. ಅಷ್ಟರ ಮಟ್ಟಿಗೆ ಸಮಾಧಾನ ಮಾಡಿಕೊಳ್ಳಿ.

ತಳ ಇದೆ. ಆಳ 202 ಮೀಟರ್. ನೀವು ಶಿವಮೊಗ್ಗದವರು, ಜೋಗದ ಗುಂಡಿಗೆ ಮೇಲಿನಿಂದ ಇಣುಕಿ ನೋಡಿರುತ್ತೀರಿ. ಆ ಜಲಪಾತದ ಎತ್ತರ ಸುಮಾರು 253 ಮೀಟರ್. ಅದಕ್ಕಿಂತ ಐವತ್ತು ಮೀಟರ್ ಕಡಿಮೆ ಅಂದುಕೊಳ್ಳಿ, ಪೂರ್ತಿ ನೀರು ತುಂಬಿದ್ದು. ವಿಚಿತ್ರ ಅಂದರೆ ಅದರ ಬಾಯಿ ತುಂಬಾ ಚಿಕ್ಕದು. ಅಡ್ಡ 25ರಿಂದ 35 ಮೀಟರ್ ಅಷ್ಟೇ. ಸುಮಾರು 20 ಮೀಟರ್ ಇಳಿದ ಮೇಲೆ ಗೋಡೆಗಳು ಹಿಂದೆ ಸರಿದು, ಒಳಗೆ 100 ಮೀಟರ್ ಅಗಲದ ಕೋಣೆ ತೆರೆದುಕೊಳ್ಳುತ್ತದೆ.

ಇದು ಹೇಗಾಯಿತು ಅನ್ನುವುದಕ್ಕೆ ಉತ್ತರ ಸುಣ್ಣಕಲ್ಲಿನಲ್ಲಿದೆ. ಬಹಾಮಾಸ್ ದ್ವೀಪಗಳು ನಿಂತಿರುವುದೇ ಕಿಲೋಮೀಟರ್‌ಗಟ್ಟಲೆ ದಪ್ಪದ ಸುಣ್ಣಕಲ್ಲಿನ ಮೇಲೆ. ಮಳೆನೀರು ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಆಮ್ಲವಾಗುತ್ತದೆ. ಸುಣ್ಣಕಲ್ಲನ್ನು ನಿಧಾನವಾಗಿ ಕರಗಿಸುತ್ತದೆ. ಬೆಂಗಳೂರಿನಿಂದ ಜನ ವಾರಾಂತ್ಯಕ್ಕೆ ಹೋಗುವ ಆಂಧ್ರದ ಬೆಲುಂ ಗುಹೆಗಳು ಆದದ್ದೂ ಸುಣ್ಣಕಲ್ಲು ನೀರಿನಲ್ಲಿ ಕರಗಿಯೇ. ಸುಮಾರು 20 ಸಾವಿರ ವರ್ಷದ ಹಿಂದೆ, ಹಿಮಯುಗದ ಉತ್ತುಂಗದಲ್ಲಿ, ಸಮುದ್ರದ ಮಟ್ಟ ಈಗಿರುವುದಕ್ಕಿಂತ 120 ಮೀಟರಿನಷ್ಟು ಕೆಳಗಿತ್ತು. ಬಹಾಮಾಸ್ ಆಗ ಒಣ ಪ್ರಸ್ಥಭೂಮಿ. ಅದಕ್ಕೂ ಮುಂಚೆ ಎಷ್ಟೋ ಸಲ ಸಮುದ್ರ ಹೀಗೆ ಇಳಿದು ಏರಿದೆ. ಒಳಗೊಳಗೇ ಗುಹೆಗಳಾದವು, ಒಂದು ದಿನ ಚಾವಣಿ ಕುಸಿಯಿತು, ಹಿಮ ಕರಗಿ ಸಮುದ್ರ ಏರಿದಾಗ ನೀರು ತುಂಬಿತು. ಬಾಯಿ ಚಿಕ್ಕದು, ಒಳಗೆ ಅಗಲ ಅನ್ನುವುದೇ ಚಾವಣಿ ಕುಸಿದ ಕುರುಹು.

ಬೆಲೀಜ್ ದೇಶದ ಗ್ರೇಟ್ ಬ್ಲೂ ಹೋಲ್‌ನಲ್ಲಿ ಇದಕ್ಕೆ ಕಣ್ಣಿಗೆ ಕಾಣುವ ಸಾಕ್ಷಿಯೇ ಇದೆ. ಅಲ್ಲಿ ನೀರಿನಡಿ ಚಾವಣಿಯಿಂದ ಕಲ್ಲಿನ ತೊಂಗಲುಗಳು ಇಳಿಬಿದ್ದಿವೆ. ಹನಿ ಹನಿಯಾಗಿ ನೀರು ತೊಟ್ಟಿಕ್ಕಿ ಅಂಥದ್ದು ಬೆಳೆಯಬೇಕಾದರೆ ಅಲ್ಲಿ ಗಾಳಿ ಇರಲೇಬೇಕು. ಅಂದರೆ ಅದು ಒಂದು ಕಾಲಕ್ಕೆ ಒಣ ಗುಹೆ. 1971ರಲ್ಲಿ ಫ್ರಾನ್ಸಿನ ಸಮುದ್ರ ಸಂಶೋಧಕ ಜಾಕ್ ಕುಸ್ಟೋ ತಮ್ಮ ಹಡಗು ತಂದು ತೋರಿಸಿದ ಮೇಲೆ ಜಗತ್ತಿಗೆಲ್ಲ ಗೊತ್ತಾದ ಜಾಗ ಅದು. ಹಾಗಾದರೆ ಸಮುದ್ರ ಇಳಿದದ್ದು 120 ಮೀಟರ್, ಡೀನ್ಸ್ 202 ಮೀಟರ್ ಹೇಗೆ ಅಂತ ನೀವು ಕೇಳಬಹುದು. ಗುಹೆ ಆಗುವುದಕ್ಕೆ ಜಾಗ ಒಣಗಿರಲೇಬೇಕು ಅಂತಿಲ್ಲ. ನೆಲದಡಿ ಸಿಹಿನೀರು ಉಪ್ಪುನೀರು ಬೆರೆಯುವ ಕಡೆ ಸುಣ್ಣಕಲ್ಲು ಇನ್ನೂ ಚೆನ್ನಾಗಿ ಕರಗುತ್ತದೆ. ಜೊತೆಗೆ ಆ ಇಡೀ ನೆಲವೇ ಲಕ್ಷಾಂತರ ವರ್ಷಗಳಿಂದ ನಿಧಾನವಾಗಿ ಕುಗ್ಗುತ್ತಾ ಬಂದಿದೆ.

ಇನ್ನು ಎಳೆದುಕೊಳ್ಳುವ ಮಾತು. ಇದರಲ್ಲಿ ಅರ್ಧ ಕಥೆ, ಅರ್ಧ ನಿಜ. ಬಹಾಮಾಸ್‌ನ ಬ್ಲೂ ಹೋಲ್‌ಗಳಲ್ಲಿ ಲಸ್ಕಾ ಅನ್ನುವ ರಾಕ್ಷಸ ಇದೆ, ಅರ್ಧ ಶಾರ್ಕ್ ಅರ್ಧ ಆಕ್ಟೋಪಸ್, ಉಸಿರೆಳೆದರೆ ದೋಣಿಯನ್ನೇ ನುಂಗುತ್ತದೆ ಅಂತ ಅಲ್ಲಿನ ಹಳಬರು ಹೇಳುತ್ತಾರೆ. ಸುಮ್ನೆ ಹುಟ್ಟಿದ ಕಥೆಯಲ್ಲ. ಆಂಡ್ರೋಸ್ ದ್ವೀಪದ ಕಡೆ ಕೆಲವು ಕುಳಿಗಳು ಒಳಗಿನ ಗುಹೆಗಳ ಮೂಲಕ ಸಮುದ್ರಕ್ಕೆ ಸೇರಿಕೊಂಡಿವೆ. ಉಬ್ಬರ ಇಳಿತಕ್ಕೆ ತಕ್ಕಂತೆ ನೀರನ್ನು ನಿಜಕ್ಕೂ ಒಳಗೆಳೆದು ಹೊರಗೆ ತಳ್ಳುತ್ತವೆ. ಡೀನ್ಸ್‌ನಲ್ಲಿ ಹಾಗೆ ಎಳೆಯುವ ಹರಿವಿಲ್ಲ. ಇದ್ದಿದ್ದರೆ ಅಲ್ಲಿ ಸ್ಪರ್ಧೆ ನಡೆಯುತ್ತಲೇ ಇರಲಿಲ್ಲ.

ಆದರೂ ಡೈವರ್ ಕೆಳಗೆ ಬೀಳುತ್ತಾನೆ. ಎಳೆಯುವುದು ಕುಳಿಯಲ್ಲ, ಅವನ ಮೈ ತೂಕವೇ. ಪ್ರತಿ 10 ಮೀಟರಿಗೆ ಒತ್ತಡ ಒಂದು ವಾತಾವರಣದಷ್ಟು, ಅಂದರೆ ದಡದಲ್ಲಿ ನಮ್ಮ ಮೇಲಿರುವ ಗಾಳಿಯ ಒತ್ತಡದಷ್ಟು, ಹೆಚ್ಚುತ್ತದೆ. ಶ್ವಾಸಕೋಶದಲ್ಲಿ 6 ಲೀಟರ್ ಗಾಳಿ ತುಂಬಿಕೊಂಡು ಹೊರಟರೆ 10 ಮೀಟರಿನಲ್ಲಿ ಅದು 3 ಲೀಟರ್, 30 ಮೀಟರಿನಲ್ಲಿ ಒಂದೂವರೆ. 100 ಮೀಟರಿನಲ್ಲಿ ಅರ್ಧ ಲೀಟರಿಗಿಂತ ತುಸು ಜಾಸ್ತಿ. ಗಾಳಿ ಕುಗ್ಗಿದಷ್ಟೂ ಮೈ ತೇಲುವುದು ಕಡಿಮೆ. ಮೊದಮೊದಲು ನೀರು ನಮ್ಮನ್ನು ಮೇಲಕ್ಕೆ ತಳ್ಳುತ್ತಿರುತ್ತದೆ, ಹತ್ತಿಪ್ಪತ್ತು ಮೀಟರಿನಲ್ಲಿ ಸಮ ಆಗುತ್ತದೆ, ಆಮೇಲೆ ಕೈಕಾಲು ಆಡಿಸದಿದ್ದರೂ ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗದಲ್ಲಿ ಇಳಿಯುತ್ತಾ ಹೋಗುತ್ತೇವೆ. ಇದನ್ನು ಫ್ರೀಫಾಲ್ ಅನ್ನುತ್ತಾರೆ. ಇದು ಮಲ್ಪೆ ಕಡಲಿನಲ್ಲೂ ಆಗುತ್ತದೆ, ಅಲ್ಲಿ ಅಷ್ಟು ಆಳ ಸಿಗುವುದಿಲ್ಲ ಅಷ್ಟೇ. ಈ ಆಟಕ್ಕೆ ಬಿದ್ದ ಯಾರನ್ನೇ ಕೇಳಿ, ಎಲ್ಲ ಕಷ್ಟ ಪಡುವುದು ಆ ಒಂದು ನಿಮಿಷಕ್ಕೆ ಅಂತಾರೆ. ನಾನೂ ಹಾಗೇ ಹೇಳುವವನು. ಮಾಡುವುದಕ್ಕೆ ಏನೂ ಇರುವುದಿಲ್ಲ, ಮೈ ಸಡಿಲ ಬಿಡುವುದೊಂದೇ ಕೆಲಸ.

ಈಗ ನಿಮ್ಮ ಮುಖ್ಯ ಪ್ರಶ್ನೆ: ಆ ಗುಂಡಿಯೇ ಯಾಕೆ?

ಆಳಕ್ಕಾಗಿ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಆಳವೇ ಮುಖ್ಯವಾಗಿದ್ದರೆ ಫ್ರೀಡೈವರ್‌ಗಳು ಬೇರೆ ಕಡೆ ಓಡಬೇಕಿತ್ತು. ದಕ್ಷಿಣ ಚೀನಾ ಸಮುದ್ರದ ಯೋಂಗ್ಲೆ ಕುಳಿ 300 ಮೀಟರ್ ದಾಟಿದೆ ಅಂತ 2016ರಲ್ಲೇ ಗೊತ್ತಾಯಿತು. ಮೆಕ್ಸಿಕೊದ ಚೆಟುಮಾಲ್ ಕೊಲ್ಲಿಯ ತಾಮ್ ಜಾ ಕುಳಿಯಲ್ಲಿ ಉಪಕರಣ 420 ಮೀಟರ್ ತನಕ ಇಳಿದರೂ ತಳ ಸಿಗಲಿಲ್ಲ. ಅಲ್ಲಿಗೆ ತರಬೇತಿಗೆ ಹೋಗುವವರನ್ನು ನಾನು ಕಂಡಿಲ್ಲ. ಇತ್ತ ಡೀನ್ಸ್‌ನಲ್ಲಿ 2021ರಲ್ಲಿ ರಷ್ಯಾದ ಅಲೆಕ್ಸಿ ಮೊಲ್ಚನೊವ್ ಕಾಲಿಗೆ ಫಿನ್ (ಮೀನಿನ ಬಾಲದಂಥ ಈಜುಪಟ್ಟಿ) ಕಟ್ಟಿಕೊಂಡು 131 ಮೀಟರ್ ಇಳಿದು ಬಂದರು. ಅವರ ಕೆಳಗೆ ಇನ್ನೂ 70 ಮೀಟರ್ ನೀರು ಉಳಿದಿತ್ತು. ಒಂದೇ ಉಸಿರಿನ ಮನುಷ್ಯನಿಗೆ 202 ಮೀಟರ್ ಅಂದರೆ ಬೇಕಾದಷ್ಟಾಯಿತು.

ಡೀನ್ಸ್‌ನ ಆಕರ್ಷಣೆ ಅದರ ಅನುಕೂಲ. ಕೇಳುವುದಕ್ಕೆ ಸಪ್ಪೆ ಅನ್ನಿಸಬಹುದು. ಆದರೆ 100 ಮೀಟರ್ ಆಳದ ನೀರು ಬೇಕು ಅಂದರೆ ಸಾಮಾನ್ಯವಾಗಿ ಏನು ಮಾಡಬೇಕು ನೋಡಿ. ದೋಣಿ ಬೇಕು, ಡೀಸೆಲ್ ಬೇಕು, ದೋಣಿ ನಡೆಸುವವ ಬೇಕು. ದಡದಿಂದ ಎಷ್ಟೋ ದೂರ ಹೋಗಬೇಕು. ಅಲ್ಲಿ ಅಲೆ. ಡೈವ್ ಮಾಡುವ ಮುಂಚೆ ಐದು ನಿಮಿಷ ಹೊಟ್ಟೆ ತೊಳಸದೆ ತಣ್ಣಗೆ ಮಲಗಿ ಉಸಿರಾಡುವುದೇ ಕಷ್ಟ. ಕೆಳಗೆ ಹರಿವು, ನೇರ ಇರಬೇಕಾದ ಹಗ್ಗ ಓರೆಯಾಗುತ್ತದೆ. ಹಗ್ಗ ಓರೆಯಾದರೆ 60 ಮೀಟರಿಗೆ ಹೋಗಲು 60 ಮೀಟರಿಗಿಂತ ಜಾಸ್ತಿ ಈಜಬೇಕು. ಗಾಳಿ ಎದ್ದರೆ ಆ ದಿನವೇ ಹೋಯಿತು.

ಲಾಂಗ್ ಐಲೆಂಡ್‌ನಲ್ಲಿ, ಕ್ಲಾರೆನ್ಸ್ ಟೌನ್ ಪಕ್ಕದ ಕೊಲ್ಲಿಯಲ್ಲಿ, ಇದ್ಯಾವುದೂ ಇಲ್ಲ. ಮೂರು ಕಡೆ ಸುಣ್ಣಕಲ್ಲಿನ ದಿಬ್ಬ, ಒಂದು ಕಡೆ ಬಿಳಿ ಮರಳು. ಕಾರು ನಿಲ್ಲಿಸಿ ಮೊಣಕಾಲುದ್ದ ನೀರಿನಲ್ಲಿ ನಾಲ್ಕು ಹೆಜ್ಜೆ ನಡೆದರೆ ಕುಳಿಯ ಅಂಚು. ನಡುವೆ ತೇಲುವ ಕಟ್ಟೆ. ಬೆಚ್ಚಗಿನ ನೀರು, ಅಲೆ ಕಡಿಮೆ. ಹಗ್ಗ ಇಳಿಬಿಟ್ಟರೆ ಗುಂಡು ನೂಲಿನ ಹಾಗೆ ನೆಟ್ಟಗೆ ನಿಲ್ಲುತ್ತದೆ. ಬೆಳಿಗ್ಗೆ ಎದ್ದು ಹೋಗಿ ಡೈವ್ ಮಾಡಿ ಮಧ್ಯಾಹ್ನ ಮನೆಗೆ ಬಂದು ಊಟ ಮಾಡಬಹುದು. ನಾಳೆ ಮತ್ತೆ ಹೋಗಬಹುದು. ಆಳದ ಅಭ್ಯಾಸಕ್ಕೆ ಬೇಕಾದದ್ದು ಇದೇ, ದಿನಾ ಒಂದೇ ಥರದ ನೀರು.

ನ್ಯೂಜಿಲೆಂಡಿನ ವಿಲಿಯಂ ಟ್ರೂಬ್ರಿಜ್ ಈ ಲೆಕ್ಕ ಹಿಡಿದೇ ಅಲ್ಲಿ ಠಿಕಾಣಿ ಹೂಡಿದವರು. 2008ರಲ್ಲಿ ಅಲ್ಲಿ ವರ್ಟಿಕಲ್ ಬ್ಲೂ ಸ್ಪರ್ಧೆ ಶುರು ಮಾಡಿದರು. 2010ರ ಡಿಸೆಂಬರಿನಲ್ಲಿ ಫಿನ್ ಕೂಡ ಇಲ್ಲದೆ, ಬರಿಗೈ ಬರಿಗಾಲಲ್ಲಿ ಈಜಿ 101 ಮೀಟರ್ ಹೋಗಿ ಬಂದರು. ತೆಗೆದುಕೊಂಡದ್ದು 4 ನಿಮಿಷ 10 ಸೆಕೆಂಡ್. ಅದಕ್ಕೆ ಇನ್ನೊಂದೇ ಒಂದು ಮೀಟರ್ ಸೇರಿಸಲು 2016ರ ತನಕ ಕಾಯಬೇಕಾಯಿತು. ನಡುವೆ 2014ರಲ್ಲಿ ಟಿವಿ ನೇರಪ್ರಸಾರದಲ್ಲೇ 102ಕ್ಕೆ ಪ್ರಯತ್ನಿಸಿ, ಮೇಲೆ ಬರುವಾಗ ರಕ್ಷಕರ ನೆರವು ಬೇಕಾಗಿ ಕೈತಪ್ಪಿತು. ಆ ಕುಳಿಯನ್ನು ಅವರಷ್ಟು ಬಲ್ಲವರು ಇನ್ನೊಬ್ಬರಿಲ್ಲ. ಅವರಿಗೇ ಒಂದು ಮೀಟರಿಗೆ ಐದೂವರೆ ವರ್ಷ ಹಿಡಿಯಿತು ಅನ್ನುವುದನ್ನು ನಿಮ್ಮ ತಮ್ಮನಿಗೆ ಒಮ್ಮೆ ನೆನಪಿಸಿ.

ಚಂದವೂ ಇದೆ, ಇಲ್ಲ ಅನ್ನುವುದಿಲ್ಲ. ಅಂಚಿನ ಮರಳು ಆಗಾಗ ಜಾರಿ, ಕುಳಿಯೊಳಗೆ ಬಿಳಿ ಧಾರೆಯಾಗಿ ಸುರಿಯುತ್ತಿರುತ್ತದೆ. ನೀರೊಳಗೆ ಜಲಪಾತ ನೋಡಿದ ಹಾಗೆ. ಬೆಳಕು ಬರುವುದು ಮೇಲಿನ ಬಾಯಿಂದ ಮಾತ್ರ, ಹಾಗಾಗಿ ಇಳಿಯುತ್ತಿದ್ದಂತೆ ಬೇಗ ಕತ್ತಲಾಗುತ್ತದೆ. ತೆರೆದ ಸಮುದ್ರದ 40 ಮೀಟರಿಗೂ ಇಲ್ಲಿಯ 40 ಮೀಟರಿಗೂ ವ್ಯತ್ಯಾಸ ಇದೇ. ಕೆಲವರು ಮೊದಲ ದಿನ ಇಲ್ಲಿ ಹೆದರಿ ಅರ್ಧಕ್ಕೇ ತಿರುಗಿ ಬರುತ್ತಾರೆ. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಅಲ್ಲಿ ಒಂದು ಡೈವ್ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ, ಅಮ್ಮನಿಗೆ ಹೇಳುವಾಗ ಉಪಯೋಗಕ್ಕೆ ಬರುತ್ತದೆ. ಡೈವರ್ ನೀರಿನ ಮೇಲೆ ಅಂಗಾತ ಮಲಗಿ ನಿಧಾನ ಉಸಿರಾಡುತ್ತಾನೆ. ಪಕ್ಕದಲ್ಲಿ ಹಗ್ಗ, ಅದರ ತುದಿಯಲ್ಲಿ, ಮೊದಲೇ ಹೇಳಿದ ಆಳಕ್ಕೆ, ಒಂದು ತಟ್ಟೆ ಮತ್ತು ದೀಪ. ಕೈಗೋ ಸೊಂಟಕ್ಕೋ ಕಟ್ಟಿದ ಲ್ಯಾನ್ಯಾರ್ಡ್ ಅನ್ನುವ ಪಟ್ಟಿಯನ್ನು ಕೊಕ್ಕೆಯಿಂದ ಹಗ್ಗಕ್ಕೆ ಸಿಕ್ಕಿಸಿಕೊಳ್ಳುತ್ತಾನೆ. ಕತ್ತಲಲ್ಲಿ ದಿಕ್ಕು ತಪ್ಪುವ ಮಾತೇ ಇಲ್ಲ. ಆಳದಲ್ಲಿ ಏನಾದರೂ ಆದರೆ, ದೊಡ್ಡ ಸ್ಪರ್ಧೆಗಳಲ್ಲಿ ಇನ್ನೊಂದು ಬದಿಗೆ ಭಾರ ಬಿಟ್ಟು ಹಗ್ಗವನ್ನೇ ಮೇಲೆಳೆಯುವ ವ್ಯವಸ್ಥೆ ಇರುತ್ತದೆ. ಸ್ಪರ್ಧೆಯಾದರೆ ತಟ್ಟೆಯ ಹತ್ತಿರ ಇರುವ ಚೀಟಿ ಕಿತ್ತು ತರಬೇಕು, ಅದು ಹೋಗಿ ಬಂದದ್ದಕ್ಕೆ ಪುರಾವೆ. ಮೇಲೆ ಬರುವಾಗ ರಕ್ಷಣೆಯ ಡೈವರ್‌ಗಳು ಅರ್ಧ ದಾರಿಗೆ ಇಳಿದು, ಮುಖ ನೋಡುತ್ತಾ ಜೊತೆಯಲ್ಲೇ ಬರುತ್ತಾರೆ. ಸ್ಪರ್ಧೆಯಲ್ಲಿ ತಲೆ ನೀರಿನಿಂದ ಹೊರಬಂದ 15 ಸೆಕೆಂಡಿನೊಳಗೆ ಮಾಸ್ಕ್ ತೆಗೆದು, ಕೈಸನ್ನೆ ಮಾಡಿ, 'ಐ ಆ್ಯಮ್ ಓಕೆ' ಅನ್ನಬೇಕು. ಅಷ್ಟು ಮಾಡಲು ಆಗದಿದ್ದರೆ ಎಷ್ಟೇ ಆಳ ಹೋಗಿರಲಿ, ಲೆಕ್ಕಕ್ಕಿಲ್ಲ.

ಇದರಲ್ಲಿ ನಿಮ್ಮ ತಮ್ಮನಿಗೆ ನಿಜವಾಗಿ ಕಷ್ಟ ಕೊಡುವುದು ಉಸಿರಲ್ಲ, ಕಿವಿ. ಎರಡು ಮೂರು ಮೀಟರ್ ಇಳಿದರೇ ಕಿವಿ ತಮಟೆ ಒತ್ತಿ ನೋಯುತ್ತದೆ, ಒಳಗಿನಿಂದ ಗಾಳಿ ತುಂಬಿ ಸಮ ಮಾಡುತ್ತಾ ಇರಬೇಕು. ಮೂವತ್ತು ಮೀಟರ್ ದಾಟಿದ ಮೇಲೆ ಶ್ವಾಸಕೋಶದಿಂದ ಗಾಳಿ ಮೇಲೆ ತರುವುದೇ ಆಗುವುದಿಲ್ಲ, ಅಷ್ಟು ಕುಗ್ಗಿರುತ್ತದೆ. ಅದಕ್ಕೆ ಮುಂಚೆಯೇ ಕೆನ್ನೆ ಉಬ್ಬುವಷ್ಟು ಗಾಳಿಯನ್ನು ಬಾಯಿಗೆ ತುಂಬಿಕೊಂಡು, ಗಂಟಲು ಮುಚ್ಚಿ, ಉಳಿದ ದಾರಿಗೆಲ್ಲ ಆ ಒಂದು ಬಾಯಿ ಗಾಳಿಯನ್ನೇ ಚೂರು ಚೂರು ಖರ್ಚು ಮಾಡಬೇಕು. ಮೌತ್‌ಫಿಲ್ ಅಂತ ಅದರ ಹೆಸರು. ಒಮ್ಮೆ ಅಪ್ಪಿತಪ್ಪಿ ನುಂಗಿದರೆ ಮುಗಿಯಿತು, ತಿರುಗಿ ಬರಬೇಕು. 25 ಮೀಟರಿನವರು 40ಕ್ಕೆ ಹೋಗಲು ಒದ್ದಾಡುವುದೆಲ್ಲ ಇಲ್ಲೇ.

ಅಪಾಯದ ಮಾತಿಗೆ ಬರೋಣ. ಡೀನ್ಸ್ ಅಲೆ ಗಾಳಿ ತೋರಿಸಿ ಹಿಂದಕ್ಕೆ ಕಳಿಸುವ ಜಾಗವಲ್ಲ. ತೆರೆದ ಸಮುದ್ರದಲ್ಲಿ ಗಾಳಿ ಬಂತು, ಅಲೆ ಬಂತು ಅಂತ ಒಂದು ದಿನ ಬಲವಂತವಾಗಿ ವಿಶ್ರಾಂತಿ ಸಿಗುತ್ತದೆ. ಇಲ್ಲಿ ನೀರು ಯಾವತ್ತೂ ಕರೆಯುತ್ತಲೇ ಇರುತ್ತದೆ. ಇವತ್ತು 30, ನಾಳೆ 35, ನಾಡಿದ್ದು 40 ಅಂತ ಎಳೆದುಕೊಂಡು ಹೋಗುತ್ತದೆ. ಮೈಗೆ ಆದ ಪೆಟ್ಟು ಮಾಯಲು ಪುರಸೊತ್ತು ಕೊಡದೆ ಮತ್ತೆ ಇಳಿಯುವುದು ಈ ಆಟದ ದೊಡ್ಡ ಕಾಯಿಲೆ.

2013ರ ನವೆಂಬರ್ 17ರಂದು ಅಲ್ಲೇ, ಸ್ಪರ್ಧೆಯ ನಡುವೆ, ಅಮೆರಿಕದ ನಿಕೋಲಸ್ ಮೆವೊಲಿ ತೀರಿಕೊಂಡರು. ವಯಸ್ಸು 32. ಫಿನ್ ಇಲ್ಲದೆ 72 ಮೀಟರಿಗೆ ಹೊರಟಿದ್ದರು. 68ರ ಹತ್ತಿರ ತಿರುಗಿದವರು, ಮನಸ್ಸು ಬದಲಿಸಿ ಮತ್ತೆ ಕೆಳಗೆ ಹೋದರು. ಮೂರೂವರೆ ನಿಮಿಷದ ಮೇಲೆ ತಾವಾಗಿಯೇ ಮೇಲೆ ಬಂದರು. ಆಮೇಲೆ ಪ್ರಜ್ಞೆ ತಪ್ಪಿತು. ಡಾಕ್ಟರ್‌ಗಳು, ರಕ್ಷಕರು ಪಕ್ಕದಲ್ಲೇ ಇದ್ದರೂ ಉಳಿಸಲಾಗಲಿಲ್ಲ. ಮುಳುಗಿ ಸತ್ತದ್ದಲ್ಲ, ಒತ್ತಡಕ್ಕೆ ಶ್ವಾಸಕೋಶವೇ ಗಾಯಗೊಂಡಿತ್ತು. ಅದೇ ಸ್ಪರ್ಧೆಯಲ್ಲಿ, ಅದಕ್ಕೂ ಮುಂಚಿನ ಪ್ರಯತ್ನವೊಂದರಲ್ಲಿ ಅವರಿಗೆ ರಕ್ತ ಬಂದಿತ್ತು. ಆ ಸಾವಿನ ನಂತರ ಫ್ರೀಡೈವರ್‌ಗಳು ಶ್ವಾಸಕೋಶದ ಪೆಟ್ಟಿನ ಬಗ್ಗೆ ಬಾಯಿಬಿಟ್ಟು ಮಾತಾಡಲು ಶುರು ಮಾಡಿದರು. ಅದಕ್ಕೆ ಮುಂಚೆ ಕೆಮ್ಮಿದಾಗ ಸ್ವಲ್ಪ ರಕ್ತ ಬಂದರೆ ಒರೆಸಿಕೊಂಡು ಸುಮ್ಮನಾಗುವವರೇ ಜಾಸ್ತಿ.

ಇನ್ನೊಂದು ಅಪಾಯ ಪ್ರಜ್ಞೆ ತಪ್ಪುವುದು, ಬ್ಲ್ಯಾಕ್‌ಔಟ್. ಇದು ತಳದಲ್ಲಿ ಆಗುವುದು ಅಪರೂಪ. ಆಳದಲ್ಲಿ ಒತ್ತಡ ಜಾಸ್ತಿ ಇರುವುದರಿಂದ ಇರುವ ಅಷ್ಟಿಷ್ಟು ಆಮ್ಲಜನಕವೂ ರಕ್ತಕ್ಕೆ ಸೇರುತ್ತಿರುತ್ತದೆ. ಮೇಲೆ ಬರುತ್ತಾ ಒತ್ತಡ ಇಳಿಯುತ್ತದೆ. ಕೊನೆಯ 10 ಮೀಟರಿನಲ್ಲಂತೂ ಅರ್ಧಕ್ಕರ್ಧ. ಆಗ ಆಮ್ಲಜನಕ ಮಿದುಳಿಗೆ ಸಾಲದೆ, ಯಾವ ಮುನ್ಸೂಚನೆಯೂ ಇಲ್ಲದೆ ಲೈಟ್ ಆಫ್ ಆಗುತ್ತದೆ. ಪಕ್ಕದಲ್ಲಿ ಕಲಿತವರು ಇದ್ದರೆ ಮುಖ ನೀರಿನಿಂದ ಮೇಲೆತ್ತಿ ಹಿಡಿಯುತ್ತಾರೆ, ಹೆಚ್ಚಾಗಿ ಕೆಲವೇ ಸೆಕೆಂಡಿನಲ್ಲಿ ಉಸಿರು ಬರುತ್ತದೆ. ಒಬ್ಬರೇ ಇದ್ದರೆ ಸಾವು. ಇದನ್ನು ನಮ್ಮೂರ ಹುಡುಗರಿಗೂ ಹೇಳಬೇಕು. ಈಜುಕೊಳದಲ್ಲಿ ಜೋರಾಗಿ ಹತ್ತಿಪ್ಪತ್ತು ಸಲ ಉಸಿರೆಳೆದು ಬಿಟ್ಟು, ಯಾರು ಜಾಸ್ತಿ ಹೊತ್ತು ಒಳಗಿರುತ್ತಾರೆ ಅಂತ ಪಂದ್ಯ ಕಟ್ಟುವುದು ಇದೆಯಲ್ಲ, ಅದು 30 ಮೀಟರ್ ಡೈವ್‌ಗಿಂತ ಅಪಾಯ. ಉಸಿರು ಬೇಕು ಅಂತ ಮೈ ಕೂಗುವುದು ಇಂಗಾಲದ ಡೈಆಕ್ಸೈಡ್ ಏರಿದಾಗ. ಜೋರು ಉಸಿರಾಟ ಅದನ್ನು ಖಾಲಿ ಮಾಡುತ್ತದೆ. ಆಮ್ಲಜನಕ ಮುಗಿದರೂ ಮೈ ಕೂಗುವುದೇ ಇಲ್ಲ.

ಹಾಗಾಗಿ ನಿಮ್ಮ ತಮ್ಮನ ಹತ್ತಿರ ಕುಳಿ ಎಷ್ಟು ಆಳ ಅಂತ ಕೇಳಬೇಡಿ, ಅದರಿಂದ ಏನೂ ತಿಳಿಯುವುದಿಲ್ಲ. ಹಗ್ಗದ ಪಕ್ಕ ಯಾರಿರುತ್ತಾರೆ ಅಂತ ಕೇಳಿ. ಅವರಿಗೆ ಪ್ರಜ್ಞೆ ತಪ್ಪಿದವರನ್ನು 20 ಮೀಟರಿನಿಂದ ಮೇಲೆ ತಂದು ಅಭ್ಯಾಸ ಇದೆಯಾ? ದಡದಲ್ಲಿ ಆಮ್ಲಜನಕದ ಸಿಲಿಂಡರ್ ಇರುತ್ತದಾ? ಎಷ್ಟು ದಿನಕ್ಕೊಮ್ಮೆ ರಜೆ? ಉಗುಳಿನಲ್ಲಿ ಒಂದು ಗೆರೆ ರಕ್ತ ಕಂಡರೂ ಡೈವಿಂಗ್ ನಿಲ್ಲಿಸಿ ಡಾಕ್ಟರ್‌ಗೆ ತೋರಿಸುತ್ತೀಯಾ ಅಂತ ಮಾತು ತೆಗೆದುಕೊಳ್ಳಿ. ಇದಕ್ಕೆಲ್ಲ ಸರಾಗವಾಗಿ ಉತ್ತರ ಬಂದರೆ ಕಳಿಸಬಹುದು. ತಡವರಿಸಿದರೆ, ಅಥವಾ 'ಅಯ್ಯೋ ಅಕ್ಕಾ, ನಿಂಗೆ ಅದೆಲ್ಲ ಗೊತ್ತಾಗಲ್ಲ' ಅಂದರೆ, ಅಮ್ಮನಿಗೆ ಹೇಳಿಬಿಡಿ.

ನನ್ನ ಸ್ವಂತ ಅಭಿಪ್ರಾಯ ಕೇಳಿದರೆ, 25 ಮೀಟರಿನವರಿಗೆ ಡೀನ್ಸ್ ಅಗತ್ಯವೇ ಇಲ್ಲ. ಆ ಆಳ ಫ್ಲೋರಿಡಾದ ಕಡಲಲ್ಲೇ ಸಿಗುತ್ತದೆ. ಆದರೆ ಅಡ್ಡಿಯೂ ಇಲ್ಲ. ಅಲೆ ಇಲ್ಲದ ನೀರಿನಲ್ಲಿ ಕಿವಿಯ ಕೆಲಸ ನಿಧಾನವಾಗಿ ಕಲಿಯಲು ಅದು ಒಳ್ಳೆಯ ಜಾಗ. ಇದಕ್ಕಿಂತ ಹತ್ತಿರದ್ದು, ಖರ್ಚು ಕಡಿಮೆಯದು ಬೇಕು ಅನ್ನುವ ಭಾರತದ ಓದುಗರು ಈಜಿಪ್ಟಿನ ದಹಾಬ್‌ಗೆ ಹೋಗುತ್ತಾರೆ. ಅಲ್ಲೂ ದಡದಿಂದಲೇ ಇಳಿಯುವ ಬ್ಲೂ ಹೋಲ್ ಇದೆ. ಅಲ್ಲಿ 55 ಮೀಟರಿನ ಹತ್ತಿರ ತೆರೆದ ಸಮುದ್ರಕ್ಕೆ ಹೋಗುವ ಕಮಾನು ಇದೆ. ಅದನ್ನು ದಾಟಲು ಹೋಗಿ ಎಷ್ಟೋ ಸಿಲಿಂಡರ್ ಡೈವರ್‌ಗಳು ಸತ್ತಿದ್ದಾರೆ, ಅವರ ಹೆಸರಿನ ಕಲ್ಲುಗಳು ದಡದ ಬಂಡೆಯ ಮೇಲಿವೆ. ಹಗ್ಗ ಬಿಡದೆ ಅಭ್ಯಾಸ ಮಾಡುವವರಿಗೂ ಆ ಕಮಾನಿಗೂ ಸಂಬಂಧವಿಲ್ಲ.

ನೀವು ಜೊತೆಗೆ ಹೋಗುವ ವಿಚಾರ. ಖಂಡಿತ ಹೋಗಿ, ನೋಡಬೇಕಾದ ಜಾಗ. ರಾಜಧಾನಿ ನಸ್ಸಾವಿನಿಂದ ಲಾಂಗ್ ಐಲೆಂಡ್‌ನ ಡೆಡ್‌ಮನ್ಸ್ ಕೇಗೆ ಚಿಕ್ಕ ವಿಮಾನ ಇದೆ (ಊರಿನ ಹೆಸರನ್ನು ಮಾತ್ರ ಅಮ್ಮನಿಗೆ ಅನುವಾದ ಮಾಡಿ ಹೇಳಬೇಡಿ). ದ್ವೀಪದಲ್ಲಿ ಚಿಕ್ಕ ಕ್ಲಿನಿಕ್ ಬಿಟ್ಟರೆ ದೊಡ್ಡ ಆಸ್ಪತ್ರೆ ಇರುವುದು ನಸ್ಸಾವಿನಲ್ಲಿ. ಆದ್ದರಿಂದ ತಮ್ಮನ ವಿಮೆಯಲ್ಲಿ ಫ್ರೀಡೈವಿಂಗ್ ಸೇರಿದೆಯಾ, ವಿಮಾನದಲ್ಲಿ ಆಸ್ಪತ್ರೆಗೆ ಸಾಗಿಸುವ ಖರ್ಚು ಸೇರಿದೆಯಾ ಅಂತ ಪಾಲಿಸಿಯನ್ನೇ ತೆರೆದು ಓದಿ. ಸಾಹಸ ಕ್ರೀಡೆ ಅಂತ ಹೊರಗಿಟ್ಟಿರುವ ಪಾಲಿಸಿಗಳೇ ಜಾಸ್ತಿ.

ಇಡೀ ಪ್ರವಾಸದಲ್ಲಿ ನನಗೆ ಚಿಂತೆ ನಿಮ್ಮದೇ. ತಮ್ಮನಿಗೆ ಹಗ್ಗ ಇದೆ, ಪಕ್ಕದಲ್ಲಿ ಜನ ಇದ್ದಾರೆ. ಈಜು ಬಾರದ ನೀವು ಮೊಣಕಾಲುದ್ದ ನೀರಿನಲ್ಲಿ ಫೋನ್ ಹಿಡಿದು ಫೋಟೊ ತೆಗೆಯುತ್ತಾ ಹಿಂದಕ್ಕೆ ಸರಿಯುತ್ತೀರಿ. ತಿಳಿನೀಲಿ ನೀರು ಕಡುನೀಲಿ ಆಗುವ ಗೆರೆ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ, ಆದರೆ ಅಂಚಿನ ಮರಳು ಗಟ್ಟಿಯಲ್ಲ, ಕಾಲಡಿ ಜಾರುತ್ತದೆ. ನೀರಿಗಿಳಿಯುವುದಾದರೆ ದಡದಲ್ಲೇ ಲೈಫ್ ಜಾಕೆಟ್ ಹಾಕಿಕೊಳ್ಳಿ. ಇಲ್ಲವಾದರೆ ಪಕ್ಕದ ದಿಬ್ಬ ಹತ್ತಿ, ಅಂಚಿನಿಂದ ಹಿಂದೆ ಕೂತು ನೋಡಿ. ಫೋಟೊಗೂ ಅದೇ ಒಳ್ಳೆಯ ಜಾಗ, ಇಡೀ ಕುಳಿ ಒಂದೇ ಚೌಕಟ್ಟಿನಲ್ಲಿ ಸಿಗುತ್ತದೆ.